ಬಿಡು ಎಂದು ಸೋತು ಬಂದ ಊರು

ಸಿಲೋನಿಗೆ ಹೋಗಿ ಬಂದವರು ಸಾಮಾನ್ಯವಾಗಿ ಸಮುದ್ರ, ಬುದ್ಧ, ಚಹಾ ತೋಟ ಎಂದು ಶುರು ಮಾಡುತ್ತಾರೆ. ಈ ಮೂರರಲ್ಲಿ ನಾನು ಸರಿಯಾಗಿ ನೋಡಿದ್ದು ಚಹಾವನ್ನು ಮಾತ್ರ, ಅದೂ ಲೋಟದಲ್ಲಿ. ಉಳಿದದ್ದು ಬೇಕಾದವರು ಬೇರೆಯವರನ್ನು ಕೇಳಿ. ನಾವು ಹೋದದ್ದು ದೇಶ ನೋಡಲಿಕ್ಕಲ್ಲ, ಟೀಮ್ ಉಳಿಸಿಕೊಳ್ಳಲಿಕ್ಕೆ.

ಪುತ್ತೂರಿನಲ್ಲಿ ನನಗೆ ಜೆರ್ಸಿ, ಯೂನಿಫಾರ್ಮ್ ಹೊಲಿಯುವ ಅಂಗಡಿ ಇದೆ. ಯಾರ ಹೆಸರನ್ನೂ ಹೇಳಿಕೊಳ್ಳದೆ, ಒಂದು ಹಳೆಯ ಮೆಷಿನ್ ಇಟ್ಟು ಕಟ್ಟಿದ್ದು. ಅದಕ್ಕೂ ಮೊದಲು ನಾನು ಗೋಲ್‌ಕೀಪರ್. ಭುಜ ಕಳಚಿಕೊಂಡ ಮೇಲೆ ಆಟ ನಿಂತಿತು, ಬಾಯಿ ನಿಲ್ಲಲಿಲ್ಲ. ಆ ಬಾಯಿಯನ್ನೇ ನಂಬಿ ಒಂದು ಕ್ರಿಶ್ಚಿಯನ್ ಕಾಲೇಜಿನವರು ಸಂಜೆ ಹೊತ್ತು ಹುಡುಗಿಯರಿಗೆ ಫುಟ್‌ಬಾಲ್ ಕಲಿಸಲು ಕರೆದರು. ಹುಡುಗಿಯರು ನನ್ನನ್ನು ಚಂದ್ರಕ್ಕ ಎನ್ನುತ್ತಾರೆ. ಕಾಲೇಜಿನ ಹೆಸರು ಇಲ್ಲಿ ಬೇಡ.

ಅಲ್ಲಿನ ಪ್ರಿನ್ಸಿಪಾಲ್ ಫಾದರ್ ಕಳೆದ ವರ್ಷದಿಂದಲೇ ಟೀಮ್ ನಿಲ್ಲಿಸುವ ಮಾತು ತೆಗೆದಿದ್ದರು. ಹುಡುಗಿಯರ ಫುಟ್‌ಬಾಲಿಗೆ ಖರ್ಚು ಜಾಸ್ತಿ, ನೋಡುವವರು ಕಡಿಮೆ ಎಂಬುದು ಅವರ ವಾದ. ಟೀಮ್ ಹೋದರೆ ಕ್ರೀಡಾ ಕೋಟಾದಲ್ಲಿ ಓದುವವರ ಸೀಟೂ ಹೋಗುತ್ತದೆ. ಹಾಗೆ ಹೋದರೆ ಮನೆಗೆ ಹೋಗಿ ಕೂರುವುದಲ್ಲದೆ ಬೇರೆ ದಾರಿ ಇಲ್ಲದವಳು ನಮ್ಮ ಕೀಪರ್ ದೀಕ್ಷಾ. ಕಲ್ಲುಗುಂಡಿಯವಳು. ತಂದೆ ಇಲ್ಲ, ತಾಯಿ ಮಡಿಕೇರಿ ರಸ್ತೆ ಬದಿಯ ಒಂದು ಹೋಟೆಲಿನಲ್ಲಿ ಚಪಾತಿ ಲಟ್ಟಿಸುತ್ತಾರೆ. ಅವಳ ಡಿಗ್ರಿ ಇನ್ನೂ ಅರ್ಧವೂ ಆಗಿಲ್ಲ.

ಅಷ್ಟರಲ್ಲಿ ಶ್ರೀಲಂಕಾದ ಒಂದು ಮಹಿಳಾ ಕಾಲೇಜಿನಿಂದ ಫುಟ್‌ಬಾಲ್ ಪಂದ್ಯಾವಳಿಗೆ ಆಹ್ವಾನ ಬಂತು. ಅದೂ ಕ್ರಿಶ್ಚಿಯನ್ ಕಾಲೇಜೇ, ಫಾದರ್‌ಗೆ ಪರಿಚಯದವರದ್ದು. ನಾನು ಫಾದರ್ ಎದುರು ಕುಳಿತು ಚೌಕಾಸಿಗೆ ಇಳಿದೆ. ಗೆದ್ದು ಬಂದರೆ ಟೀಮ್ ಇರಲಿ ಎಂದರು ಅವರು. ಸೆಮಿಫೈನಲ್ ಸಾಕು ಎಂದೆ ನಾನು. ಕೊನೆಗೆ ಫೈನಲ್ ತಲುಪಿದರೆ ಟೀಮ್ ಉಂಟು, ಇಲ್ಲದಿದ್ದರೆ ಇಲ್ಲ ಎಂಬಲ್ಲಿಗೆ ಬಂದು ನಿಂತಿತು. ಕುರ್ಚಿಯಿಂದ ಏಳುವಾಗ ನನಗೆ ಒಳ್ಳೆಯ ವ್ಯಾಪಾರ ಮುಗಿಸಿದಷ್ಟು ಖುಷಿಯಿತ್ತು. ಹುಡುಗಿಯರಿಗೂ ಹೇಳಿದೆ. ಅವರಿಗೆ ವಿಮಾನ ಹತ್ತುವುದಕ್ಕಿಂತ ಆ ಮಾತೇ ದೊಡ್ಡದಾಯಿತು.

ಕೊಲಂಬೊ

ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ದೀಕ್ಷಾಳ ಗ್ಲೌಸ್ ಇದ್ದ ಚೀಲ ಉಳಿದುಹೋಯಿತು. ಗೊತ್ತಾದದ್ದು ಕೊಲಂಬೊದಲ್ಲಿ ಇಳಿದ ಮೇಲೆ. ರೈಲಿಗೆ ಇನ್ನೂ ಹೊತ್ತಿತ್ತು. ಅವಳನ್ನೂ ಬೆಟ್ಟಂಪಾಡಿಯ ಮುಬೀನಾಳನ್ನೂ ಕರೆದುಕೊಂಡು ಪೇಟೆಗೆ ಹೊರಟೆ. ಮುಬೀನಾ ನಮ್ಮ ಡಿಫೆಂಡರ್, ದೀಕ್ಷಾಳ ಮುಂದೆಯೇ ನಿಂತು ಆಡುವವಳು. ಅವಳ ಮನೆಮಾತು ಬ್ಯಾರಿ, ಮಾತಿಗೆ ಮಾತ್ರ ಗಡಿ ಇಲ್ಲ.

ಆಟದ ಸಾಮಾನಿನ ಒಂದು ಅಂಗಡಿ ಸಿಕ್ಕಿತು. ಯಜಮಾನರು ತಮಿಳು ಮಾತಾಡುವ ಸಾಬರು, ಬಿಳಿ ಗಡ್ಡ, ಬಹಳ ಮರ್ಯಾದಸ್ಥರು. ಮುಬೀನಾ ಬ್ಯಾರಿಯಲ್ಲಿ ಶುರು ಮಾಡಿದಳು, ಅವರು ತಮಿಳಿನಲ್ಲಿ ಉತ್ತರಿಸಿದರು, ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ದೂರದ ನೆಂಟರ ಹಾಗೆ ಆದರು. ಅವಳಿಗೆ ಚಹಾ ಬಂತು, ನಮಗೂ ಬಂತು. ಗ್ಲೌಸಿನ ರೇಟು ಮಾತ್ರ ಇಳಿಯಲಿಲ್ಲ.

ನಾನು ನನ್ನ ಹಳೆಯ ಉಪಾಯ ಮಾಡಿದೆ. ಬೇಡ ಎಂದು ಎದ್ದು ಹೊರಟೆ. ನಮ್ಮ ಪುತ್ತೂರಿನಲ್ಲಾದರೆ ಗಿರಾಕಿಯ ಬೆನ್ನು ಕಾಣುವುದೇ ತಡ, "ಅಕ್ಕ, ಬನ್ನಿ ಮಾರಾಯ್ರೆ, ಎಷ್ಟು ಕೊಡ್ತೀರಿ ಹೇಳಿ" ಎಂಬ ಕರೆ ಬರುತ್ತದೆ. ನಾನೂ ಎಷ್ಟೋ ಜನರನ್ನು ಹಾಗೆ ಕರೆದಿದ್ದೇನೆ. ಇಲ್ಲಿ ರಸ್ತೆ ತಿರುಗುವವರೆಗೆ ನಿಧಾನಕ್ಕೆ ನಡೆದೆ, ಯಾರೂ ಕರೆಯಲಿಲ್ಲ. ಹಿಂದಿರುಗಿ ನೋಡಿದರೆ ಅವರು ಮೆಟ್ಟಿಲ ಮೇಲೆ ನಿಂತು ನಮಗೆ ಶುಭವಾಗಲಿ ಎಂಬಂತೆ ಕೈ ಎತ್ತಿದ್ದರು. ನಾನೇ ವಾಪಸು ಹೋಗಿ, ಅವರು ಹೇಳಿದ್ದನ್ನೇ ಕೊಟ್ಟು ತಂದೆ. ದಾರಿಯುದ್ದಕ್ಕೂ ಮುಬೀನಾ ನಕ್ಕಳು. ಅಲ್ಲಿಗೆ ಹೋಗುವವರು ಇದನ್ನು ನೆನಪಿಡಿ: ಆ ಊರಲ್ಲಿ ಎದ್ದು ಹೋದವರಿಗೆ ನಿಜವಾಗಿಯೂ ಹೋಗುವ ಮನಸ್ಸು ಇದೆ ಎಂದೇ ತಿಳಿಯುತ್ತಾರೆ.

ರೈಲಿನಲ್ಲಿ

ಕೊಲಂಬೊದಿಂದ ಮಟ್ಟಕ್ಕಳಪ್ಪಿಗೆ ಇಡೀ ಹಗಲಿನ ರೈಲು. ನಮ್ಮ ನಕ್ಷೆಗಳಲ್ಲಿ ಬಟ್ಟಿಕಲೋವಾ ಎಂದಿರುವ ಊರೇ ಅದು. ಸಿಗಡಿ ಒತ್ತಿ ಕರಿದ ವಡೆ ಮಾರುವವರು ಹತ್ತುತ್ತಾರೆ, ಇಳಿಯುತ್ತಾರೆ. ವಡೆ ಕಟ್ಟಿಕೊಡುವುದು ಮಕ್ಕಳ ಪರೀಕ್ಷೆಯ ಹಳೆಯ ಉತ್ತರ ಪತ್ರಿಕೆಯಲ್ಲಿ. ಟೀಮಿನ ಮುಖ್ಯಸ್ಥರೆಂದು ಜೊತೆಗೆ ಬಂದಿದ್ದ ಫಾದರ್‌ಗೆ ಸಿಕ್ಕ ಕಾಗದದಲ್ಲಿ ಯಾರದೋ ಲೆಕ್ಕಕ್ಕೆ ದೊಡ್ಡ ಸೊನ್ನೆ ಇತ್ತು. ಅವರು ಅದನ್ನು ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡರು. ಯಾಕೆ ಎಂದು ಕೇಳಿದ್ದಕ್ಕೆ, ಮಗುವಿನ ಮರ್ಯಾದೆ ಕಸಕ್ಕೆ ಹೋಗುವುದು ಬೇಡ ಎಂದರು. ಈ ಮನುಷ್ಯ ಕೆಟ್ಟವರಲ್ಲ ಎಂದು ನನಗೆ ಆಗ ಅನಿಸಿತು. ಈಗಲೂ ಕೆಟ್ಟವರು ಎನ್ನುವುದಿಲ್ಲ. ಕೆಟ್ಟವರ ಹತ್ತಿರ ವ್ಯಾಪಾರ ಮಾಡುವುದು ಸುಲಭ.

ಕಾಡಿನ ನಡುವೆ ರೈಲು ನಿಂತಿತು. ಹಳಿಯ ಮೇಲೆ ಆನೆ ಇದೆಯಂತೆ. ನಮ್ಮ ಸುಳ್ಯ, ಕಡಬದ ಹುಡುಗಿಯರಿಗೆ ಆನೆ ಹೊಸತಲ್ಲ. ಆನೆ ಬಂತೆಂದರೆ ನಮ್ಮಲ್ಲಿ ಫೋನು, ಪಟಾಕಿ, ಬೊಬ್ಬೆ. ಇಲ್ಲಿ ಇಡೀ ರೈಲಿನ ಜನ ನಿದ್ದೆ ಮಾಡಿದರು. ಆನೆ ಅದರ ಕೆಲಸ ಮುಗಿಸಿಕೊಂಡು ಹೋಗಲಿ ಎಂಬ ಹಾಗೆ.

ಆ ಬಿಡುವಿನಲ್ಲಿ ನಾನು ಹುಡುಗಿಯರಿಗೆ ಮತ್ತೊಮ್ಮೆ ಪಾಠ ಹೇಳಿದೆ. ಗೋಲ್‌ಕೀಪರ್ ಎಂದರೆ ಮೊದಲು ಬಾಯಿ, ಆಮೇಲೆ ಕೈ. ಚೆಂಡಿಗಾಗಿ ಮುಂದೆ ಬರುವಾಗ, ನಾನು ಬರುತ್ತಿದ್ದೇನೆ, ನೀನು ಮುಟ್ಟಬೇಡ ಎಂದು ಡಿಫೆಂಡರಿಗೆ ಒಂದೇ ಶಬ್ದದಲ್ಲಿ ತಿಳಿಸಬೇಕು. ನಮ್ಮ ಟೀಮಿನಲ್ಲಿ ಮೊದಲು ಅದಕ್ಕೂ ಗಲಾಟೆಯಿತ್ತು. ಒಬ್ಬಳದು ತುಳು, ಒಬ್ಬಳದು ಬ್ಯಾರಿ, ದೀಕ್ಷಾಳದು ಅರೆಭಾಷೆ, ಆಲಂಕಾರಿನ ಜೋಯ್ಸಿಯದು ಮಲಯಾಳ. ಒಬ್ಬೊಬ್ಬಳು ಒಂದೊಂದು ಕೂಗಿ ಇಬ್ಬಿಬ್ಬರು ಡಿಕ್ಕಿ ಹೊಡೆದುಕೊಳ್ಳುತ್ತಿದ್ದರು. ಎಲ್ಲರ ಮನೆಮಾತಿಗೂ ಹತ್ತಿರ ಎಂದು ನಾನೇ ಒಂದು ಪದ ಗಟ್ಟಿಮಾಡಿ ಕೊಟ್ಟೆ: ಬಿಡು. ಇಂಗ್ಲಿಷಿನಲ್ಲಿ ಕೀಪರ್ ಎಂದು ಕೂಗುವವರಿದ್ದಾರೆ. ಅದು ನಾನು ಯಾರು ಎಂದು ಹೇಳುತ್ತದೆ, ನೀನೇನು ಮಾಡಬೇಕು ಎಂದು ಹೇಳುವುದಿಲ್ಲ. ಬಿಡು ಎಂದರೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ದೀಕ್ಷಾ ಅದನ್ನು ಕೂಗಿದರೆ ನಮ್ಮ ಕೆಂಪು ಮಣ್ಣಿನ ಮೈದಾನದಿಂದ ಕ್ಯಾಂಟೀನಿನವರೆಗೆ ಕೇಳುತ್ತಿತ್ತು. ಅಲ್ಲಿ ಚಮಚ ಹಿಡಿದವರೂ ಒಮ್ಮೆ ಬಿಡುತ್ತಿದ್ದರು ಎಂದು ಮುಬೀನಾಳ ತಮಾಷೆ.

ಮಟ್ಟಕ್ಕಳಪ್ಪು

ಸ್ಟೇಷನ್ನಿಗೆ ಜೆಸಿಂತಾ ಟೀಚರ್ ಬಂದಿದ್ದರು. ಆ ಕಾಲೇಜಿನ ಆಟದ ಟೀಚರ್, ನನ್ನ ವಯಸ್ಸಿನವರು. ಏನು ಕೇಳಿದರೂ "ಓಂ, ಓಂ" ಎನ್ನುತ್ತಾರೆ. ಕೊರಳಲ್ಲಿ ಶಿಲುಬೆ, ಬಾಯಲ್ಲಿ ಓಂ. ನಮ್ಮ ಫಾದರ್ ಒಮ್ಮೆ ತಿರುಗಿ ನೋಡಿದರು. ಆಟೋದವರು ಸಾಬರು, ಅವರೂ ಓಂ. ಕೊನೆಗೆ ಗೊತ್ತಾಯಿತು, ಅಲ್ಲಿಯ ತಮಿಳಿನಲ್ಲಿ ಹೌದು ಎನ್ನುವುದಕ್ಕೆ ಓಂ ಎನ್ನುತ್ತಾರೆ. ನಮ್ಮ ಹುಡುಗಿಯರಿಗೆ ಇದು ಹಬ್ಬವಾಯಿತು. ಅನ್ನ ಬೇಕಾ ಎಂದರೆ ಓಂ, ನಿದ್ದೆ ಬಂತಾ ಎಂದರೆ ಓಂ.

ಒಳ್ಳೆಯ ಜನ. ಇದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಹಾಸ್ಟೆಲಿನಲ್ಲಿ ನಮಗೆ ತಮ್ಮ ಮಂಚ ಬಿಟ್ಟುಕೊಟ್ಟು ಅವರ ಹುಡುಗಿಯರು ಚಾಪೆಯಲ್ಲಿ ಮಲಗಿದರು. ಬೆಳಗ್ಗೆ ನಮ್ಮ ಒತ್ತು ಶ್ಯಾವಿಗೆಯನ್ನೇ ಸಣ್ಣ ಸಣ್ಣ ಚಕ್ರ ಮಾಡಿ ಬಡಿಸುತ್ತಾರೆ, ಜೊತೆಗೆ ಮೆಣಸು ಅರೆದ ತೆಂಗಿನಕಾಯಿ. ಚಹಾಕ್ಕೆ ಸಕ್ಕರೆ ಇಲ್ಲ. ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಂಡು, ಅದನ್ನು ಕಚ್ಚಿ ಒಂದು ಗುಟುಕು, ಮತ್ತೆ ಕಚ್ಚಿ ಒಂದು ಗುಟುಕು. ನಮ್ಮಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುವ ಹಾಗೆಯೇ. ನಾವು ಮದ್ದಿಗೆಂದು, ದೇವಸ್ಥಾನಕ್ಕೆಂದು ಜೋಪಾನ ಮಾಡುವ ಕೆಂಪು ಗೆಂದಾಳಿ ಬೊಂಡವನ್ನು, ಅಂದರೆ ಎಳನೀರನ್ನು, ಅವರು ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಕಾಲೇಜಿನವರು ಮೈದಾನದ ಬದಿಯಲ್ಲೇ ಒಂದು ರಾಶಿ ತಂದಿಟ್ಟಿದ್ದರು. ಬೇಕಾದಷ್ಟು ಕುಡಿಯಿರಿ ಎಂದರು.

ಮೊದಲ ಎರಡು ಪಂದ್ಯ ನಾವು ಗೆದ್ದೆವು. ಎರಡರಲ್ಲೂ ದೀಕ್ಷಾ ಒಂದು ಗೋಲೂ ಬಿಟ್ಟುಕೊಡಲಿಲ್ಲ. ಎದುರಿನವರು ಸಿಂಹಳ ಭಾಷೆಯ ಹುಡುಗಿಯರು, ಅವಳು ಕೂಗಿದ್ದು ಅವರಿಗೆ ಗುಡುಗಿದಷ್ಟೇ. ಜೆಸಿಂತಾ ಟೀಚರ್ ನನ್ನ ಹತ್ತಿರ ಬಂದು, ನಿಮ್ಮ ಕೀಪರ್‌ಗೆ ಎಷ್ಟು ಒಳ್ಳೆಯ ಗಂಟಲು ಎಂದರು. ಸಂಜೆ ದೀಕ್ಷಾ ತಾಯಿಗೆ ಫೋನು ಮಾಡಿ, ಇನ್ನೊಂದು ಗೆದ್ದರೆ ಫೈನಲ್, ನನ್ನ ಸೀಟು ಉಳಿಯಿತೆಂದೇ ತಿಳ್ಕೊಳ್ಳಿ ಎಂದು ಹೇಳುವುದು ನನಗೆ ಕೇಳಿಸಿತು.

ಸೆಮಿಫೈನಲಿನಲ್ಲಿ ಎದುರು ಬಂದದ್ದು ಆತಿಥೇಯರೇ. ತಮಿಳು ಹುಡುಗಿಯರು.

ಸೆಮಿಫೈನಲಿನ ದಿನ

ಮರಳು ಮಿಶ್ರಿತ ಮೈದಾನ, ಕಾಲು ಸುಡುವ ಬಿಸಿಲು. ಮೊದಲರ್ಧದಲ್ಲೇ ನಮ್ಮ ಜೋಯ್ಸಿಗೆ ಒಂದು ಒಳ್ಳೆಯ ಅವಕಾಶ ಸಿಕ್ಕಿತು. ಚೆಂಡು ಅವಳ ಮುಂದೆ, ಅವರ ಕೀಪರ್ ಓಡಿ ಬರುತ್ತಿದ್ದಾಳೆ, ಜೋಯ್ಸಿ ಒದೆಯುವುದೊಂದೇ ಬಾಕಿ. ಆಗ ಅವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಅವರ ಕೀಪರ್ ಚೆಂಡನ್ನು ಎತ್ತಿಕೊಂಡು ಹೋದಳು. ನಾನು ಬದಿಯಿಂದ ಬೈದೆ.

ವಿರಾಮದಲ್ಲಿ ಜೋಯ್ಸಿ ಬಂದು ಹೇಳಿದಳು, "ಚಂದ್ರಕ್ಕ, ಆ ಕೀಪರ್ ವಿಡು ಅಂತ ಕೂಗುದು. ನನಗೆ ನಮ್ಮ ದೀಕ್ಷಾ ಕೂಗಿದ ಹಾಗೆ ಆಯ್ತು."

ತಮಿಳಿನಲ್ಲಿ ವಿಡು, ಕನ್ನಡದಲ್ಲಿ ಬಿಡು. ಗಾಳಿಯಲ್ಲಿ, ಬೊಬ್ಬೆಯಲ್ಲಿ ಎರಡೂ ಒಂದೇ. ಹುಡುಗಿಯರು ನಕ್ಕರು. ನಾನೂ ನಕ್ಕು, ಶಬ್ದ ಕೇಳಬೇಡಿ, ಸ್ವರ ಕೇಳಿ ಎಂದು ಬುದ್ಧಿ ಹೇಳಿ ಕಳಿಸಿದೆ. ನಮಗೆ ಹಾಗಾದರೆ ಅವರಿಗೂ ಹಾಗಾಗಬಹುದು ಎಂದು ಹೊಳೆದಿತ್ತು. ಅದರಿಂದ ನಮಗೆ ಲಾಭವೇ ಎಂದುಕೊಂಡೆ.

ದ್ವಿತೀಯಾರ್ಧದಲ್ಲಿ ಎಡಗಡೆಯಿಂದ ಎತ್ತರದ ಚೆಂಡೊಂದು ಬಂತು. ಅದರ ಕೆಳಗೆ ಮುಬೀನಾ, ಅವಳ ಪಕ್ಕದಲ್ಲೇ ಅವರ ಒಂಬತ್ತನೇ ನಂಬರಿನ ಸಪೂರ ಹುಡುಗಿ. ದೀಕ್ಷಾ ಗೋಲು ಬಿಟ್ಟು ಮುಂದೆ ಬಂದಳು. "ಬಿಡು" ಎಂದಳು. ಮುಬೀನಾ ತಲೆ ತಗ್ಗಿಸಿದಳು. ಆ ಒಂಬತ್ತನೇ ನಂಬರಿನವಳೂ ಎತ್ತಿದ ಕಾಲನ್ನು ಹಾಗೇ ಇಳಿಸಿದಳು. ದೀಕ್ಷಾ ಚೆಂಡನ್ನು ಎದೆಗೆ ಅಪ್ಪಿಕೊಂಡು ಕುಳಿತಳು. ನಾನು ಕಲಿಸಿದ್ದರಲ್ಲಿ ಅಷ್ಟು ಚಂದ ಮಾಡಿದ್ದು ಅವಳು ಅದೇ ಮೊದಲು.

ರೆಫರಿ ಸೀಟಿ ಊದಿದ.

ಆ ಹುಡುಗಿ ದೂರು ಹೇಳಲಿಲ್ಲ. ಅವಳು ಹಿಂದೆ ತಿರುಗಿ ತನ್ನ ಕ್ಯಾಪ್ಟನ್‌ಗೆ, ವಿಡು ಎಂದೆಯಲ್ಲ, ಯಾಕೆ ಎಂದು ಕೇಳುತ್ತಿದ್ದಳು. ರೆಫರಿ ಅದನ್ನು ಕೇಳಿಸಿಕೊಂಡ. ಎದುರಾಳಿಯನ್ನು ಬಾಯಿಮಾತಿನಿಂದ ಮೋಸಗೊಳಿಸುವುದು ತಪ್ಪು ಎಂದು ಆಟದ ನಿಯಮ ಇರುವುದು ನಿಜ. ದೀಕ್ಷಾಳಿಗೆ ಹಳದಿ ಕಾರ್ಡು ತೋರಿಸಿ, ಗೋಲಿನ ಬುಡದಲ್ಲೇ ಅವರಿಗೆ ಫ್ರೀಕಿಕ್ ಕೊಟ್ಟ.

"ನಾನು ಕನ್ನಡದಲ್ಲಿ ಹೇಳಿದ್ದು ಸಾರ್," ಎಂದಳು ದೀಕ್ಷಾ. ಅವನಿಗೆ ಆ ವಾಕ್ಯ ಅರ್ಥವಾಗಲಿಲ್ಲ. ಅವನಿಗೆ ಕನ್ನಡದಲ್ಲಿ ಅರ್ಥವಾದದ್ದು ಒಂದೇ ಪದ.

ಅಷ್ಟು ಹತ್ತಿರದ ಫ್ರೀಕಿಕ್‌ಗೆ ತಡೆಯುವವರೆಲ್ಲ ಗೋಲಿನ ಗೆರೆಯ ಮೇಲೆಯೇ ನಿಲ್ಲಬಹುದು. ಹನ್ನೊಂದು ಹುಡುಗಿಯರು ಎರಡು ಕಂಬದ ನಡುವೆ ಒತ್ತಿ ನಿಂತರು, ಬೆಳಗಿನ ಕಾಲೇಜು ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಲ್ಲುವ ಹಾಗೆ. ನಡುವೆ ದೀಕ್ಷಾ. ಕೀಪರ್‌ಗೆ ಮುಂದೆ ಜಾಗ ಬೇಕು, ಕಣ್ಣಿಗೆ ದೂರ ಬೇಕು. ಅವಳಿಗೆ ಎರಡೂ ಇರಲಿಲ್ಲ. ಒಬ್ಬಳು ಚೆಂಡನ್ನು ಮೆಲ್ಲಗೆ ತಳ್ಳಿದಳು, ಇನ್ನೊಬ್ಬಳು ಒದ್ದಳು. ಯಾರದೋ ಮೊಣಕಾಲಿಗೆ ತಾಗಿ ಚೆಂಡು ಒಳಗೆ ಹೋಯಿತು. ಅದೊಂದೇ ಗೋಲು. ಹಾಗೆಯೇ ಮುಗಿಯಿತು.

ಮುಗಿದ ಕೂಡಲೇ ನಾನು ರೆಫರಿಯ ಹಿಂದೆ ಹೋದೆ. ನನಗೆ ಗೊತ್ತಿದ್ದ ಇಂಗ್ಲಿಷು, ತಮಿಳು, ಮಲಯಾಳ ಎಲ್ಲ ಸೇರಿಸಿ ಕೇಳಿದೆ: ಮೊದಲರ್ಧದಲ್ಲಿ ಅವರ ಕೀಪರ್ ವಿಡು ಎಂದಾಗ ನಮ್ಮವಳು ನಿಂತಳಲ್ಲ, ಆಗ ಯಾಕೆ ಸೀಟಿ ಇಲ್ಲ? ಅವನು ಶಾಂತವಾಗಿ ಹೇಳಿದ, ಅವಳು ಹೇಳಿದ್ದು ಅವಳ ಭಾಷೆಯಲ್ಲಿ. ನಾನು, ಇವಳು ಹೇಳಿದ್ದೂ ಇವಳ ಭಾಷೆಯಲ್ಲೇ ಎಂದೆ. ಅವನು ತಲೆ ಆಡಿಸಿದ. ಆ ಊರಲ್ಲಿ ತಲೆ ಆಡಿಸುವುದಕ್ಕೆ ಹೌದು, ಅಲ್ಲ ಎರಡೂ ಅರ್ಥ ಇದೆ. ಅವರ ಬಾಯಲ್ಲಿ ಅದು ಮಾತು, ನಮ್ಮ ಬಾಯಲ್ಲಿ ಮೋಸ. ಹೊರದೇಶ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈಗ ಇದನ್ನೇ ಹೇಳುತ್ತೇನೆ.

ದೂರು ಕೊಡಲು ದಾರಿ ಇತ್ತು. ಆದರೆ ಟೀಮಿನ ಅಧಿಕೃತ ಮುಖ್ಯಸ್ಥರು ಕೊಡಬೇಕು. ನಾನು ಸಂಜೆ ಬಂದು ಹೋಗುವ ಕೋಚು, ಅಧಿಕೃತರು ಫಾದರ್. ಅವರು ಪೆಂಡಾಲಿನ ನೆರಳಿನಲ್ಲಿ ಆತಿಥೇಯರ ನಡುವೆ ಕುಳಿತು ಬೊಂಡ ಕುಡಿಯುತ್ತಿದ್ದರು. ಬದಿಗೆ ಕರೆದು ಹೇಳಿದೆ.

"ಚಂದ್ರಾವತಿ, ನಾವು ನೆಂಟರಾಗಿ ಬಂದವರು," ಎಂದರು. "ಊಟ ಹಾಕಿದ ಮನೆಯ ಮೇಲೆ ದೂರು ಕೊಡ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ಫೈನಲ್ ಅಂತ ಹೇಳಿದ ಮಾತು ಸಡಿಲ ಮಾಡಿ ಫಾದರ್. ಎರಡನ್ನೂ ನೀವೇ ಹಿಡ್ಕೊಂಡ್ರೆ ಹೇಗೆ?"

"ನೋಡುವ," ಎಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ಯಾರೂ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದಿಲ್ಲ, ನೋಡುವ ಎನ್ನುತ್ತಾರೆ. ಸಾಲಕ್ಕೆ ಬಟ್ಟೆ ಕೇಳುವವರಿಗೆ ನಾನೂ ಹಾಗೇ ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ಮತ್ತೆ ನೋಡಲು ಬರುವವರು ದಡ್ಡರು.

ಆ ಸಂಜೆ

ದಿನವೂ ಸಂಜೆ ಅಂಗಡಿಗೆ ಫೋನು ಮಾಡುವುದು ನನ್ನ ಅಭ್ಯಾಸ. ನಾನಿಲ್ಲದಾಗ ಅಂಗಡಿ ನೋಡಿಕೊಳ್ಳುವವರು ಮೋಹಿನಿ, ನನ್ನ ಅಣ್ಣನ ಹೆಂಡತಿ. ಅವರಿಗೆ ಸೋತದ್ದನ್ನು ಹೇಳಿದೆ. ಅಯ್ಯೋ ಪಾಪ ಎಂದರು. ಆಮೇಲೆ ಕಾಲೇಜಿನ ಜೆರ್ಸಿಗೆ ಯಾವ ನೀಲಿ ಬಟ್ಟೆ ತೆಗೆಯಬೇಕು ಎಂದು ಕೇಳಿದರು. ಯಾವ ಜೆರ್ಸಿ ಎಂದು ಕೇಳಿದೆ.

"ಥ್ರೋಬಾಲಿದ್ದು ಅಲ್ವಾ? ನೀವು ಹೊರಟ ದಿನವೇ ಆಫೀಸಿನವರು ಬಂದು ಹೇಳಿ ಹೋದ್ರು. ಫುಟ್‌ಬಾಲ್ ಇನ್ನು ಇಲ್ಲ, ಬದಲಿಗೆ ಹುಡುಗಿಯರ ಥ್ರೋಬಾಲ್ ಟೀಮ್ ಅಂತೆ. ನಿಮಗೆ ಗೊತ್ತುಂಟು ಅಂತ ನಾನು ಮಾತಾಡ್ಲಿಲ್ಲ."

ಯಾವ ನೀಲಿ ಎಂದು ಹೇಳಿ ಫೋನಿಟ್ಟೆ. ವ್ಯಾಪಾರ ಬೇರೆ, ಸಿಟ್ಟು ಬೇರೆ.

ನಾನು ಹುಡುಗಿಯರ ಎದುರು ಫೈನಲ್, ಫೈನಲ್ ಎಂದು ಕುಣಿದದ್ದು, ಅವರು ಹಳಿಯ ಮೇಲಿನ ಆನೆಯನ್ನೂ ನೋಡದೆ ನನ್ನ ಪಾಠ ಕೇಳಿದ್ದು, ದೀಕ್ಷಾ ತಾಯಿಗೆ ಫೋನು ಮಾಡಿದ್ದು, ಎಲ್ಲ ಆಗುವಾಗ ಪುತ್ತೂರಿನಲ್ಲಿ ಟೀಮ್ ಮುಗಿದಾಗಿತ್ತು. ಒಳಗೆ ಹೋಗಿ ನೋಡಿದರೆ ಹುಡುಗಿಯರು ಒಂದೇ ಮಂಚದಲ್ಲಿ ಒತ್ತಿಕೊಂಡು ಕುಳಿತಿದ್ದರು. ಮೂರನೇ ಸ್ಥಾನದ ಪಂದ್ಯ ಗೆದ್ದರೆ ಫಾದರ್ ಒಪ್ಪಬಹುದಾ ಎಂದು ಮುಬೀನಾ ಕೇಳಿದಳು. ಚೆನ್ನಾಗಿ ಆಡಿ ಎಂದೆ. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಾಗಿರಬೇಕು.

ದೀಕ್ಷಾ ಮೂಲೆಯಲ್ಲಿದ್ದಳು. ಜೆಸಿಂತಾ ಟೀಚರ್ ಬಂದು ಅವಳ ತಲೆ ನೇವರಿಸಿದರು. ಆ ಒಂಬತ್ತನೇ ನಂಬರಿನ ಹುಡುಗಿ ಒಂದು ತಟ್ಟೆ ಹಣ್ಣು ತಂದಿಟ್ಟು, ಮಾತಾಡಲು ಭಾಷೆ ಸಿಗದೆ ನಿಂತು ಹೋದಳು. ಇದ್ದ ಒಂದು ಪದ ಅವತ್ತು ಇಬ್ಬರಿಗೂ ಬೇಡವಾಗಿತ್ತು.

ಹಿನ್ನೀರಿನ ಬದಿ

ಆ ಊರಿನ ಸುತ್ತ ಸಮುದ್ರ ಒಳಗೆ ಬಂದು ಕೆರೆಯ ಹಾಗೆ ನಿಂತಿದೆ. ಅದರಲ್ಲಿ ಹಾಡುವ ಮೀನು ಇದೆಯಂತೆ, ಕಿವಿಗೊಟ್ಟರೆ ಕೇಳುತ್ತದಂತೆ. ಬೆಳಗ್ಗೆ ಫಾದರ್ ಅದನ್ನು ಕೇಳಲೆಂದು ದಡದಲ್ಲಿ ನಿಂತಿದ್ದರು. ನಾನು ಅವರ ಹತ್ತಿರ ಹೋಗಿ, ಥ್ರೋಬಾಲ್ ಜೆರ್ಸಿಗೆ ಬಟ್ಟೆ ತೆಗೆದಾಯಿತು ಎಂದೆ.

ಅವರು ಸುಳ್ಳು ಹೇಳಲಿಲ್ಲ. ಮೈದಾನದ ಮುಕ್ಕಾಲು ಪಾಲಿಗೆ ನರ್ಸಿಂಗ್ ಕಟ್ಟಡ ಬರುತ್ತದೆ, ಉಳಿದ ಜಾಗದಲ್ಲಿ ಥ್ರೋಬಾಲ್ ಆಡಬಹುದು, ಆಡಳಿತ ಮಂಡಳಿ ಬಹಳ ಹಿಂದೆಯೇ ತೀರ್ಮಾನ ಮಾಡಿದೆ ಎಂದು ನೀರನ್ನೇ ನೋಡುತ್ತಾ ವಿವರಿಸಿದರು.

"ಮತ್ತೆ ನನ್ನ ಹತ್ರ ಫೈನಲ್ ಅಂತ ಯಾಕೆ ಹೇಳಿದ್ದು ಫಾದರ್?"

"ನೀವು ಬಿಡದೆ ಚೌಕಾಸಿ ಮಾಡ್ತಾ ಇದ್ರಿ. ಎಂತಾದ್ರೂ ಒಂದು ಹೇಳ್ಬೇಕಿತ್ತಲ್ಲ."

ಆಮೇಲೆ, ಮಕ್ಕಳು ಒಂದು ದೇಶ ನೋಡಿದ ಹಾಗೆ ಆಯಿತಲ್ಲ ಎಂದರು. ಅವರು ಅದನ್ನು ನಿಜವಾಗಿಯೂ ಸಮಾಧಾನಕ್ಕೆಂದು ಹೇಳಿದ್ದು.

ಗೋಲ್‌ಕೀಪರ್ ಆಗಿದ್ದವರಿಗೆ ಒಂದು ಗುಣ ಇರಬೇಕು. ಗೋಲು ಹೋದ ಮೇಲೆ ಬಲೆಯೊಳಗಿನ ಚೆಂಡನ್ನು ನೋಡುತ್ತಾ ನಿಲ್ಲಬಾರದು. ನಾನು ಅಲ್ಲೇ ಹೊಸ ವ್ಯಾಪಾರಕ್ಕೆ ಇಳಿದೆ. ಟೀಮಿನ ಮಾತು ಬಿಟ್ಟೆ. ದೀಕ್ಷಾಳ ಸೀಟು ಡಿಗ್ರಿ ಮುಗಿಯುವವರೆಗೆ ಇರಬೇಕು, ಹಾಸ್ಟೆಲ್ ಇರಬೇಕು ಎಂದೆ. ಬೇರೆ ಹುಡುಗಿಯರಿಗೆ ಮನೆಯಲ್ಲಿ ಫೀಸು ಕಟ್ಟುವವರು ಇದ್ದಾರೆ, ಹೇಗಾದರೂ ಸಂಭಾಳಿಸುತ್ತಾರೆ. ಫಾದರ್ ಮತ್ತೆ ನೋಡುವ ಎನ್ನುವಷ್ಟರಲ್ಲಿ ಜೆಸಿಂತಾ ಟೀಚರ್ ಚಹಾಕ್ಕೆ ಕರೆಯಲು ಅತ್ತ ಬಂದರು. ನಾನು ಅವರನ್ನು ನಿಲ್ಲಿಸಿ, ನಮ್ಮ ಫಾದರ್ ನಿಮ್ಮ ಮೆಚ್ಚಿನ ಕೀಪರ್‌ಗೆ ಡಿಗ್ರಿ ಮುಗಿಸಿಕೊಡುತ್ತಾರಂತೆ ಎಂದು ಗಟ್ಟಿಯಾಗಿ ಹೇಳಿದೆ. ಟೀಚರ್ ಫಾದರ್‌ನ ಕೈ ಹಿಡಿದು ದೇವರು ಒಳ್ಳೆಯದು ಮಾಡಲಿ ಎಂದರು. ನೆಂಟರ ಮನೆಯಲ್ಲಿ ಫಾದರ್‌ಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಆದ್ರೆ ಅವಳು ಥ್ರೋಬಾಲ್ ಆಡ್ಬೇಕು," ಎಂದರು. "ಕೋಟಾ ಅಂದ ಮೇಲೆ ಒಂದು ಆಟ ಬೇಕಲ್ಲ."

ಆಗಲಿ ಎಂದೆ. ನಿಮ್ಮ ಮಕ್ಕಳಿಗೆ ಏನಾದರೂ ಬಾಯಿಮಾತಿನಲ್ಲಿ ಸಿಕ್ಕುವುದಿದ್ದರೆ ಅದನ್ನು ಮೂರನೆಯವರ ಎದುರು ಹೇಳಿಸಿಕೊಳ್ಳಿ. ನನಗೆ ಇದು ಗೊತ್ತಿರಲಿಲ್ಲವೇ? ಅಂಗಡಿಯಲ್ಲಿ ದಿನವೂ ಗೊತ್ತಿರುತ್ತದೆ. ಬಿಳಿ ಅಂಗಿಯವರ ಎದುರು ಮರೆತಿದ್ದೆ.

ಅದೇ ದಿನ ಮೂರನೇ ಸ್ಥಾನದ ಪಂದ್ಯ. ಎದುರಿಗೆ ಸಿಂಹಳದ ಟೀಮು. ದೀಕ್ಷಾ ಬಿಡು ಎಂದು ಬಾಯಿ ಹರಿಯುವಂತೆ ಕೂಗಿದರೂ ಅಲ್ಲಿ ಕೇಳುವವರಿಲ್ಲ, ನಾನು ಮೊದಲೇ ಹೇಳಿದ್ದೆ. ಅವಳು ಕೂಗಲಿಲ್ಲ. ಒಂದು ಸಲವೂ ಇಲ್ಲ. ಚೆಂಡು ಬಂದಾಗ ತುಟಿ ಕಚ್ಚಿ ಓಡಿ ಬರುತ್ತಿದ್ದಳು. ನಾನು ಬದಿಯಲ್ಲಿ ನಿಂತು, ಬಾಯಿ ತೆಗಿ ಮಾರಾಯ್ತಿ ಎಂದು ಬೊಬ್ಬೆ ಹೊಡೆದೆ. ಅವಳು ಬರುವುದು ಗೊತ್ತಾಗದೆ ಮುಬೀನಾ ಹಿಂದೆ ಸರಿದು ಅವಳ ಮೊಣಕೈಗೆ ತಾಗಿ ತುಟಿ ಒಡೆದುಕೊಂಡಳು. ರಕ್ತ ಉಗಿದು ಮತ್ತೆ ಆಡಿದಳು. ಗೋಲು ಹೋಗಲಿಲ್ಲ. ನಾವು ಗೆದ್ದೆವು. ಸಣ್ಣ ಕಪ್ಪು ಕೊಟ್ಟರು. ಫಾದರ್ ನಡುವೆ ನಿಂತು ಫೋಟೊ ಆಯಿತು.

ಹಿಂದಿರುಗುವಾಗ

ಕೊಲಂಬೊಗೆ ಹಿಂದಿರುಗುವ ರೈಲಿನಲ್ಲಿ ಹುಡುಗಿಯರು ಕಪ್ಪನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ನಿಲ್ಲಿಸಿ ಅದರ ಸುತ್ತ ಕುಳಿತಿದ್ದರು. ಅವರಿಗೆ ಹೇಳಬೇಕಾದದ್ದನ್ನು ನಾನು ಅಲ್ಲೇ ಹೇಳಿದೆ. ಫಾದರ್ ಮುಂದಿನ ಡಬ್ಬಿಯಲ್ಲಿದ್ದರು, ಹೇಳುವ ಕೆಲಸ ಅವರದು, ಆದರೆ ಅವರು ಹೇಳುವಾಗ ಅದು ಮಕ್ಕಳ ಒಳ್ಳೆಯದಕ್ಕೆ ಎಂಬಂತೆ ಆಗುತ್ತಿತ್ತು. ಯಾರೂ ಅಳಲಿಲ್ಲ. ಜೋಯ್ಸಿ ಮಾತ್ರ, ಮೊದಲೇ ಗೊತ್ತಿದ್ದರೆ ಆನೆಯನ್ನಾದರೂ ನೋಡಬಹುದಿತ್ತು ಎಂದಳು. ಮುಬೀನಾ ಊದಿದ ತುಟಿಯಲ್ಲೇ ನಕ್ಕಳು.

ದೀಕ್ಷಾ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ನಾನೂ ಹೋದೆ. ಒಳ್ಳೆಯ ಸುದ್ದಿ ಹೇಳುವ ಸ್ವರದಲ್ಲಿ, ನಿನ್ನ ಸೀಟು ಉಳಿಸಿದ್ದೇನೆ, ಹಾಸ್ಟೆಲೂ ಉಂಟು, ಥ್ರೋಬಾಲ್ ಆಡಿದರೆ ಆಯಿತು, ನಿನ್ನ ಕೈಗೆ ಅದು ಎಂತ ಕಷ್ಟ ಎಂದೆ. ಡಿಗ್ರಿ ಮುಖ್ಯ, ಆಟ ಆಮೇಲೆ ಎಂದೆ. ಬುದ್ಧಿಮಾತು ನನಗೆ ಯಾವತ್ತೂ ಕಡಿಮೆಯಾದದ್ದಿಲ್ಲ.

ಅವಳು ಬಾಗಿಲ ಸರಳು ಹಿಡಿದು ನನ್ನ ಕಡೆ ತಿರುಗಿದಳು.

"ಥ್ರೋಬಾಲಲ್ಲಿ ನಮ್ಮ ಹಿಂದೆ ಎಂತ ಇರ್ತದೆ ಚಂದ್ರಕ್ಕ?"

"ಗೆರೆ," ಎಂದೆ.

"ಗೆರೆ ಮಾತ್ರವಾ?"

"ಗೆರೆ ಮಾತ್ರ."

ಅವಳು ಅಮ್ಮನಿಗೆ ನೀವೇ ಹೇಳಿ ಎಂದು ನನ್ನ ಕೈಗೆ ಫೋನು ಕೊಟ್ಟು ಒಳಗೆ ಹೋದಳು. ಕಲ್ಲುಗುಂಡಿಯಲ್ಲಿ ಅವಳ ತಾಯಿ ಹೋಟೆಲಿನ ಗಲಾಟೆಯ ನಡುವೆ ಫೋನು ಎತ್ತಿದರು. ಸೀಟು ಉಂಟು ಎಂದೆ. ಅವರು ಎಷ್ಟು ಸಲ ಕೃತಜ್ಞತೆ ಹೇಳಿದರೆಂದರೆ, ನನಗೆ ನಡುವೆ ಬೇರೆ ಏನನ್ನೂ ಹೇಳಲು ಜಾಗ ಸಿಗಲಿಲ್ಲ.

ಪುತ್ತೂರಿಗೆ ಬಂದ ಮೇಲೆ ಆ ಜೆರ್ಸಿಗಳನ್ನು ನಾನೇ ಹೊಲಿದೆ. ಈ ಆರ್ಡರ್ ಬಿಟ್ಟುಬಿಡಿ ಎಂದರು ಮೋಹಿನಿ, ಸಿಟ್ಟಿಗೆ. ಬಿಡಲಿಲ್ಲ. ಬೇರೆಯವರಿಗೆ ಹೋದರೆ ಅವರು ಎಲ್ಲರಿಗೂ ಒಂದೇ ಅಳತೆ ಹಾಕುತ್ತಾರೆ. ದೀಕ್ಷಾಳ ತೋಳು ಉದ್ದ.